ಬೆರಳು ಬಿಡಿಸುವವಳು

ನೀರು ಸ್ವಾಮಿಯದು, ನೆಲವೂ ಸ್ವಾಮಿಯದು. ಎರಡರ ನಡುವೆ ಒಂದು ಕಲ್ಲುಬೆಟ್ಟ, ಆ ಬೆಟ್ಟದ ನೆತ್ತಿಯ ಮೇಲೆ ಒಂದು ಊರು, ಊರ ನಡುವಿನ ಬಯಲಿನಲ್ಲಿ ಒಂದು ಹರಿಗೋಲು. ಬಿದಿರು ಹೆಣೆದು, ಎಮ್ಮೆಯ ಚರ್ಮ ಹೊದಿಸಿ, ರಾಳ ಬಳಿದ ದುಂಡನೆಯ ಹರಿಗೋಲು ಅದು. ಯಾರೋ ಬೊಗಸೆಯೊಡ್ಡಿ ಆಕಾಶವನ್ನು ಬೇಡುತ್ತಿರುವ ಹಾಗೆ ಬಾಯಿ ತೆರೆದು ಕೂತಿರುತ್ತಿತ್ತು. ನಲವತ್ತು ಮಂದಿ ಮಂಡಿ ಮಡಚಿ ಕೂರುವಷ್ಟು ಅಗಲ. ಅದು ತೇಲಿದ್ದನ್ನು ಕಂಡವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಅದರ ಕಥೆ ಮಾತ್ರ ಎಲ್ಲರಿಗೂ ಬಾಯಿಗೆ ಬರುತ್ತಿತ್ತು. ಹಿಂದೆ ಒಂದು ಸಲ ಮಳೆ ಹಿಡಿಯಿತು. ಬಯಲು ಮುಳುಗಿತು, ಬಯಲಿನ ಊರುಗಳು ಮುಳುಗಿದವು, ಹಕ್ಕಿಗೆ ಕೂರಲು ಒಂದು ಕೊಂಬೆ ಉಳಿಯಲಿಲ್ಲ. ಹರಿಗೋಲಿನೊಳಗೆ ನಲವತ್ತು ಮಂದಿ ಇದ್ದರು. ನೀರಿನಲ್ಲಿದ್ದವರು ಈಸಿ ಬಂದು ಅಂಚು ಹಿಡಿದರು. ಹಿಡಿದ ಕೈಗಳ ಭಾರಕ್ಕೆ ಹರಿಗೋಲು ವಾಲಿತು. ಆಗ ಒಳಗಿದ್ದ ಒಬ್ಬ ಹೆಂಗಸು ಎದ್ದು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವಳು ಬಿಡಿಸಿದವರನ್ನೆಲ್ಲ ಸ್ವಾಮಿ ದೊಡ್ಡ ಮೀನಾಗಿ ಬಂದು ಬೆನ್ನ ಮೇಲೆ ಹೊತ್ತುಕೊಂಡು ಹೋದ. ನೀರು ಇಳಿದಾಗ ಹರಿಗೋಲು ಈ ನೆತ್ತಿಯ ಮೇಲೆ ಬಂದು ನಿಂತಿತು. ಇಷ್ಟೇ ಕಥೆ. ಕೇಳಿದವರು ಕಣ್ಣಿಗೆ ಕೈ ಒತ್ತಿಕೊಳ್ಳುತ್ತಿದ್ದರು.

ವರ್ಷಕ್ಕೊಮ್ಮೆ, ಆರಿದ್ರೆ ಮಳೆ ಹುಟ್ಟುವ ದಿನ, ಊರು ಆ ಕಥೆಯನ್ನು ಮತ್ತೆ ನಡೆಸುತ್ತಿತ್ತು. ಚೀಟಿ ಎತ್ತಿ ಆರಿಸಿದ ಹತ್ತು ಮಂದಿ ಹೊರಗೆ, ಒಣನೆಲದ ಮೇಲೆ ನಿಂತು ಅಂಚು ಹಿಡಿಯುವರು. ನಲವತ್ತು ಮಂದಿ ಒಳಗೆ ಕೂರುವರು. ಬಿಡಿಸುವಕ್ಕ ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಒಬ್ಬೊಬ್ಬರ ಮುಂದೆಯೂ ನಿಲ್ಲುವಳು. ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ಆಮೇಲೆ ನಡುಬೆರಳು, ಆಮೇಲೆ ತೋರುಬೆರಳು. ಪ್ರತಿ ಬೆರಳಿಗೂ ಒಂದೇ ಮಾತು: "ನನ್ನ ಕೈ ಬಿಡಿಸುತ್ತದೆ, ಅವನ ಕೈ ಹಿಡಿಯುತ್ತದೆ." ಹೆಬ್ಬೆರಳಿಗೆ ಮಾತಿಲ್ಲ. ಹೆಬ್ಬೆರಳು ತಾನಾಗಿಯೇ ಬಿಡಬೇಕು. ಬಿಟ್ಟವರು ನೆಲಕ್ಕೊರಗಿ, ಹೊತ್ತು ಮುಳುಗುವ ತನಕ ಕಣ್ಣು ಮುಚ್ಚಿ ಮಲಗುವರು. ಆಮೇಲೆ ಎದ್ದು, ಮೈಯ ಮಣ್ಣು ಕೊಡವಿಕೊಂಡು, ಮನೆಗೆ ಹೋಗಿ ಬಿಸಿ ಮುದ್ದೆ ಉಣ್ಣುವರು.

ಬಿಡಿಸುವಕ್ಕನ ಕೆಲಸ ತಾಯಿಯಿಂದ ಹಿರಿಮಗಳಿಗೆ ಬರುವಂಥದ್ದು. ಅದರ ಜೊತೆಗೆ ಒಂದು ಕಟ್ಟಳೆಯೂ ಬರುತ್ತಿತ್ತು. ಅವಳ ಕೈಯನ್ನು ಯಾರೂ ಹಿಡಿಯುವಂತಿಲ್ಲ. ಅವಳಿಗೆ ಕೊಡುವುದನ್ನು ನೆಲದ ಮೇಲಿಟ್ಟು ಸರಿಯಬೇಕು, ಅವಳು ಎತ್ತಿಕೊಳ್ಳಬೇಕು. ತಾಯಿಗೆ ಅದು ಮದುವೆಯಾಗಿ ಮಕ್ಕಳಾದ ಮೇಲೆ ಬಂದಿತ್ತು; ಇವಳಿಗೆ ಎಳೆತನದಲ್ಲೇ ಬಂದದ್ದರಿಂದ ಕೈ ಹಿಡಿಯುವ ಗಂಡನಿಲ್ಲ, ಕೈ ಹಿಡಿದು ನಡೆಯುವ ಮಗುವಿಲ್ಲ. ಬಳೆಗಾರ ಸೆಟ್ಟಿ ಓಣಿಗೆ ಬಂದಾಗ ಹೆಂಗಸರೆಲ್ಲ ಮುಂಗೈ ಚಾಚಿ ಕೂರುತ್ತಿದ್ದರು. ಅವಳ ಮನೆಯ ಮುಂದೆ ಬಂದಾಗ ಮಾತ್ರ ಅವನು ಬಳೆಗಳ ಮಲಾರವನ್ನು ಹೆಗಲಿನಿಂದ ಇಳಿಸದೆ, ತಲೆ ಬಗ್ಗಿಸಿ ಮುಂದೆ ಹೋಗುತ್ತಿದ್ದ. ಹನ್ನೆರಡನೆಯ ವಯಸ್ಸಿಗೆ ತಾಯಿ ತೀರಿಕೊಂಡಂದಿನಿಂದ ಅವಳ ಮಣಿಕಟ್ಟು ಬೋಳು.

ಅವಳು ಅದನ್ನು ದುಃಖವೆಂದು ಎಣಿಸಿದವಳಲ್ಲ. ಸ್ವಾಮಿ ತನ್ನ ಕೈಯನ್ನು ತನಗಾಗಿ ಎತ್ತಿಟ್ಟುಕೊಂಡಿದ್ದಾನೆ, ಎತ್ತಿಟ್ಟ ಪಾತ್ರೆಯನ್ನು ಕಂಡಕಂಡವರು ಮುಟ್ಟುವುದುಂಟೇ, ಎಂದು ನಂಬಿದ್ದಳು. ನಂಬಿಕೆ ಗಟ್ಟಿಯಾಗಿತ್ತು. ಆದರೂ ಕೈ ಎಂಬುದು ಕೈಯೇ.

ಅವಳಿಗೊಬ್ಬಳು ತಂಗಿ ಇದ್ದಳು. ಅಕ್ಕನನ್ನು ಬಿಟ್ಟು ಹೋಗಲಾರೆನೆಂದು ಮದುವೆ ಬೇಡವೆಂದವಳು. ಅವರ ಮನೆಯ ಮೂಲೆಯಲ್ಲಿ ಸೊಂಟದೆತ್ತರದ, ಅಗಲಬಾಯಿಯ ಮಣ್ಣಿನ ವಾಡೆಯೊಂದಿತ್ತು, ತುಂಬ ರಾಗಿ. ದಿನಾ ಬೆಳಿಗ್ಗೆ ಬೀಸುವುದಕ್ಕೆ ರಾಗಿ ತೆಗೆಯಲು ಅಕ್ಕ ಕೈ ಇಳಿಸಿದರೆ ತಂಗಿಯೂ ಇಳಿಸುತ್ತಿದ್ದಳು. ಕಾಳಿನ ಕೆಳಗೆ, ಯಾರಿಗೂ ಕಾಣದ ಕಡೆ, ತಂಗಿಯ ಕೈ ಬಂದು ಅಕ್ಕನ ಕೈಯನ್ನು ಹಿಡಿಯುತ್ತಿತ್ತು. ಮೂವತ್ತು ವರ್ಷದಿಂದ ಹೀಗೇ.

"ಎಷ್ಟು ಒರಟಾಗಿದೆಯೇ ಅಕ್ಕ, ಎಮ್ಮೆ ನಾಲಿಗೆ ಹಾಗೆ," ಎನ್ನುವಳು ತಂಗಿ.

"ಬಿಡೇ, ತಪ್ಪಾಗುತ್ತೆ."

"ನಾನೆಲ್ಲಿ ಹಿಡಿದಿದ್ದೀನಿ? ರಾಗಿ ಹುಡುಕ್ತಿದ್ದೀನಿ."

ಹಿಡಿದ ಕೈಯ ಬಳೆಗಳು ಕಾಳಿನೊಳಗೆ ಕಿರಕಿರ ಅನ್ನುತ್ತಿದ್ದವು. ಅಕ್ಕ ಕಣ್ಣು ಮುಚ್ಚಿಕೊಂಡು, ಸ್ವಾಮಿಯ ಹೆಸರು ಹತ್ತು ಸಲ ಹೇಳುವಷ್ಟು ಹೊತ್ತು ಸುಮ್ಮನೆ ನಿಂತು, ಆಮೇಲೆ ಕೈ ತೆಗೆಯುತ್ತಿದ್ದಳು.

ಬೆಟ್ಟದ ಮಡಿಲಲ್ಲಿ ಒಂದು ಮಡು ಇತ್ತು, ಆಳ ತಿಳಿಯದ ಮಡು. ಅಂದಿನ ನೀರಿನಲ್ಲಿ ಉಳಿದದ್ದು ಅದೊಂದೇ ಎಂದು ಊರು ಅದಕ್ಕೆ ಕಾಲು ಸೋಕಿಸುತ್ತಿರಲಿಲ್ಲ. ದಡದಲ್ಲಿ ನಿಂತು ಕೊಡ ಅದ್ದಿ ತರುವರು, ಅಷ್ಟೆ. ಹಾಗಾಗಿ ಈಜು ಬಲ್ಲವರು ಆ ಊರಿನಲ್ಲಿ ಹುಟ್ಟಲೇ ಇಲ್ಲ.

ಹೀಗಿರುತ್ತ ಒಂದು ಬೇಸಿಗೆಯಲ್ಲಿ ಬಯಲಿನ ಕಡೆಯಿಂದ ಅಳತೆಯವನೊಬ್ಬ ಬಂದ. ಕೈಯಲ್ಲಿ ಅಳತೆಗೋಲು, ನೂಲುಂಡೆ, ಗುದ್ದಲಿ. ಯಾವುದೋ ದಾರಿಗೆ ಅಳತೆ ಹಾಕಲು ಬಂದವನು ಕಥೆ ಕೇಳಿದ, ಹರಿಗೋಲು ನೋಡಿದ. "ಅಷ್ಟು ನೀರು ಇಲ್ಲಿ ನಿಂತಿದ್ದರೆ ಮಣ್ಣಿಗೆ ನೆನಪಿರುತ್ತೆ," ಎಂದು ಬಯಲಿನಲ್ಲಿ ಎರಡಾಳುದ್ದ ಗುಂಡಿ ತೆಗೆಸಿದ. ಮೇಲಿನಿಂದ ಕೆಳಗಿನವರೆಗೂ ಕೆಂಪು ಮೊರಂಬು ಮಣ್ಣು. ಮೆಕ್ಕಲಿಲ್ಲ, ಮರಳಿಲ್ಲ, ಒಂದು ಕಪ್ಪೆಚಿಪ್ಪಿಲ್ಲ.

"ನೀರು ಬಂದ ಗುರುತಿಲ್ಲ," ಎಂದ ಅಳತೆಯವನು. ಒಳ್ಳೆಯ ಮನುಷ್ಯ, ಮೆಲ್ಲಗೇ ಹೇಳಿದ.

ಮೂಡಣ ಬೀದಿಯವರು, "ಅಷ್ಟು ದೊಡ್ಡ ನೀರು ತನ್ನ ಗುರುತನ್ನೂ ತೊಳೆದುಕೊಂಡು ಹೋಗದೆ ಇರುತ್ತೇನಯ್ಯ?" ಎಂದರು.

"ಗುರುತಿಲ್ಲದ್ದೇ ಗುರುತು ಅಂದರೆ ನಾನು ಏನನ್ನು ಅಳೀಲಿ?"

"ಹರಿಗೋಲಿದೆಯಲ್ಲ. ನೀರು ಬಾರದಿದ್ದರೆ ಇದು ನೆತ್ತಿ ಮೇಲೆ ಹ್ಯಾಗೆ ಬಂತು? ಹಾರಿಕೊಂಡು ಬಂತೋ?"

ಅಳತೆಯವನು ಹರಿಗೋಲನ್ನು ಒಂದು ಸುತ್ತು ಹಾಕಿ ನೋಡಿದ. ಗುಂಡಿ ಮುಚ್ಚಿಸಿ, ಕೈ ಮುಗಿದು, ನೂಲು ಸುತ್ತಿಕೊಂಡು ಇಳಿದು ಹೋದ. ಗುಂಡಿ ಮುಚ್ಚಿತು, ಮಾತು ಮುಚ್ಚಲಿಲ್ಲ. ಮೂಡಣ ಬೀದಿ ನಡೆದದ್ದೇ ಎಂದಿತು, ಪಡುವಣ ಬೀದಿ ಬರೀ ಕಥೆ ಎಂದಿತು. ಮಡುವಿನ ದಡದಲ್ಲಿ ಕೊಡಗಳು ಒಂದಕ್ಕೊಂದು ತಾಗಿದರೂ ಜಗಳ. ಒಬ್ಬ, "ಅವನ ಕೈ ಹಿಡಿಯುತ್ತದೆ ಅಂತೀರಲ್ಲ, ಮೀನಿಗೆ ಕೈ ಎಲ್ಲಿದೆ?" ಎಂದರೆ, ಇನ್ನೊಬ್ಬ, "ನಿನ್ನ ಮೈಗೆ ಎರಡು ಕೈ ಹಚ್ಚಿದವನಿಗೆ ತನಗೊಂದು ಹಚ್ಚಿಕೊಳ್ಳೋದು ಕಷ್ಟವೇನೋ," ಎನ್ನುವನು.

ಆ ವರ್ಷದ ಆರಿದ್ರೆಯ ದಿನ ಆಗಬಾರದ್ದು ಆಯಿತು. ಅಂಚು ಹಿಡಿದ ಹತ್ತು ಮಂದಿಯಲ್ಲಿ ಪಡುವಣ ಬೀದಿಯ ಕುಂಬಾರನೊಬ್ಬನಿದ್ದ. ಬಿಡಿಸುವಕ್ಕ ಅವನ ಕಿರುಬೆರಳಿಗೆ ಎಣ್ಣೆಗೈ ಇಟ್ಟಾಗ ಅವನಿಗೆ ಕಚಗುಳಿಯಾಗಿ ಕಿಸಕ್ಕನೆ ನಕ್ಕ. ಪಕ್ಕದವನೂ ನಕ್ಕ. ನಗು ಅಂಚಿನ ಸುತ್ತ ಹರಿದು ಹರಿಗೋಲಿನೊಳಗಿದ್ದವರ ಬಾಯಿಗೂ ಬಂತು. ನಲವತ್ತು ಮಂದಿ ನಗುತ್ತಿರುವಾಗ ಅವಳು ಎಣ್ಣೆಗೈ ಹಿಡಿದುಕೊಂಡು ನಿಂತೇ ಇದ್ದಳು.

ನಡೆದದ್ದಲ್ಲವಾದರೆ, ಎಂದುಕೊಂಡಳು, ಈ ಕೈಗಳನ್ನು ಮೂವತ್ತು ವರ್ಷ ಯಾತಕ್ಕಾಗಿ ಕಾದಿಟ್ಟೆ? ಅಮ್ಮ ಸಾಯುವಾಗ ನೀರು ಬೇಡಿ ಚಾಚಿದ ಕೈಯನ್ನು ಹಿಡಿಯದೆ, ಲೋಟವನ್ನು ನೆಲದ ಮೇಲಿಟ್ಟು ಸರಿದೆನಲ್ಲ, ಯಾತಕ್ಕಾಗಿ?

ಮರುದಿನ ಅವಳು ಹರಿಗೋಲಜ್ಜನ ಮನೆಗೆ ಹೋದಳು. ಹರಿಗೋಲನ್ನು ಕಾಯುವವನು, ಕಥೆ ಹೇಳುವವನು ಆತನೇ, ಊರಿನ ಹಿರಿಯ. ಜಗಲಿಯಲ್ಲಿ ಕೂತು ಹೊಸ ಚರ್ಮಕ್ಕೆ ದಬ್ಬಳದಿಂದ ಹೊಲಿಗೆ ಹಾಕುತ್ತಿದ್ದ.

"ಅಜ್ಜ, ನಡೆದದ್ದೇನಾ?"

"ನಮ್ಮಜ್ಜ ಹೇಳಿದ್ದು ಕಣವ್ವ."

"ಅವರಿಗೆ ಯಾರು ಹೇಳಿದ್ದು?"

"ಅವರಜ್ಜ."

"ಎಲ್ಲರಿಗಿಂತ ಮೊದಲನೇ ಅಜ್ಜ ಇದ್ದನಲ್ಲ, ಅವನು ಮೀನನ್ನ ಕಣ್ಣಾರೆ ಕಂಡನಾ?"

ಅಜ್ಜ ದಬ್ಬಳ ಕೆಳಗಿಟ್ಟ. "ಅವನು ಹರಿಗೋಲಿನ ನಡುವೆ ತಲೆ ತಗ್ಗಿಸಿ ಕೂತಿದ್ದ. ಎದುರಿಗಿದ್ದವರ ಮುಖ ಕಾಣದಂಥ ಮಳೆ. ಮೀನನ್ನ ಕಂಡವಳು ಅಂಚಿನಲ್ಲಿದ್ದವಳು. ಬೆರಳು ಬಿಡಿಸಿದವಳು. ಅವಳು ಬಂತು ಅಂದಳು, ಇವರು ನಂಬಿದರು."

"ಅವಳೊಬ್ಬಳೇ ಕಂಡದ್ದಾ?"

"ಅವಳೊಬ್ಬಳೇ."

ಅಜ್ಜ ಮತ್ತೆ ದಬ್ಬಳ ಎತ್ತಿಕೊಂಡ. ಆಮೇಲೆ ಆ ಮಾತು ಬಂದದ್ದು ಅವಳ ಬಾಯಿಂದಲೇ. ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.

"ಹಾಗಾದರೆ ಒಂದೇ ಒಂದು ಸಲ ನೀರಿನಲ್ಲೇ ಮಾಡೋಣ ಅಜ್ಜ. ಹರಿಗೋಲನ್ನ ಮಡುವಿಗೆ ಇಳಿಸೋಣ. ಅವನು ಅಂದು ಬಂದವನಾದರೆ ಇಂದೂ ಬರುತ್ತಾನೆ. ನಲವತ್ತು ಮಂದಿ ನೋಡಲಿ."

ಅಜ್ಜನ ತುಟಿ ಏನನ್ನೋ ಹೇಳುವುದಕ್ಕೆ ಹೊರಟು ಹಾಗೇ ನಿಂತಿತು. "ಆಗಲಿ," ಎಂದ. ಅವನಿಗೂ ನೋಡಬೇಕಿತ್ತು. ಎಂಬತ್ತು ವರ್ಷ ಹೇಳಿದ ಕಥೆಯನ್ನು ಒಮ್ಮೆಯಾದರೂ ನೋಡಬೇಕು ಎಂಬ ಆಸೆ ಯಾರಿಗಿರುವುದಿಲ್ಲ?

ಪುನರ್ವಸು ಮಳೆಗೆ ಮಡು ದಡ ಮುಟ್ಟಿ ತುಂಬಿತು. ಊರು ಬಯಲಿನಲ್ಲಿ ಸೇರಿತು. ಅಂಚು ಹಿಡಿಯಲು ಒಬ್ಬರಾದರೂ ಬೇಕು, ಚೀಟಿ ಬೇಡ, ಮನಸ್ಸಿದ್ದವರು ಬನ್ನಿ ಎಂದ ಅಜ್ಜ. ನಡೆದದ್ದೇ ಎಂದು ಆಣೆ ಇಟ್ಟಿದ್ದ ಮೂಡಣ ಬೀದಿಯ ಕಡೆ ಎಲ್ಲರೂ ತಿರುಗಿದರು. ಒಬ್ಬನ ಹಸು ಇವತ್ತೋ ನಾಳೆಯೋ ಕರು ಹಾಕುವುದರಲ್ಲಿತ್ತು. ಇನ್ನೊಬ್ಬನಿಗೆ ಕೆಮ್ಮು, ತಣ್ಣೀರು ಆಗುವುದಿಲ್ಲ. ಮತ್ತೊಬ್ಬನ ಮಗಳು ಬಾಣಂತನಕ್ಕೆ ಬರುವವಳಿದ್ದಳು. "ನಂಬಿಕೆ ಇದೆ, ಪುರುಸೊತ್ತಿಲ್ಲ," ಎಂದು ಪಡುವಣ ಬೀದಿಯ ಕುಂಬಾರ ಮೆಲ್ಲಗೆ ಅಂದ. ಯಾರೂ ನಗಲಿಲ್ಲ.

"ನಾನು ಹಿಡೀತೀನಿ," ಎಂದಳು ತಂಗಿ.

ಬಿಡಿಸುವಕ್ಕ ಬೆಚ್ಚಿ ತಿರುಗಿದಳು. "ನೀನು ಕಥೆ ಅನ್ನೋಳಲ್ಲವೇನೇ?"

"ಹೌದು, ಕಥೆ ಅಂತೀನಿ. ಸುಳ್ಳು ಅಂತ ಯಾವತ್ತಾದರೂ ಅಂದಿದ್ದೀನಾ?"

"ನೀನು ಬೇಡ."

"ನಿನಗೆ ಬೇಕಲ್ಲ ಅಕ್ಕ," ಎಂದಳು ತಂಗಿ, ಬೇರೆ ಯಾರಿಗೂ ಕೇಳದ ಹಾಗೆ. "ಆ ನಗು ಕೇಳಿದಾಗಿನಿಂದ ನೀನು ಉಣ್ತಿಲ್ಲ, ಮಲಗ್ತಿಲ್ಲ. ನಾನಾದರೆ ನಿನ್ನ ಕೈ ನಡುಗೋದಿಲ್ಲ. ಮೂವತ್ತು ವರ್ಷದ ಪರಿಚಯ ನಮ್ಮ ಕೈಗಳಿಗೆ."

ಅಕ್ಕ ಬೇಡವೆಂದು ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ಸ್ವಾಮಿ ಬಂದೇ ಬರುತ್ತಾನೆ, ಬಂದು ನನ್ನ ತಂಗಿಯನ್ನೇ ಹೊತ್ತುಕೊಂಡು ದಡಕ್ಕೆ ತರುತ್ತಾನೆ, ಆಗ ಈ ಊರು ಅವಳ ಕಾಲಿಗೆ ಬೀಳುತ್ತದೆ ಎಂದು ಅವಳ ಮನಸ್ಸು ಚಿತ್ರ ಬರೆದುಕೊಂಡಾಗಿತ್ತು. ಅದು ಬೂಟಾಟಿಕೆಯಲ್ಲ. ಅಂಥ ಶುದ್ಧವಾದ ನಂಬಿಕೆ ಆ ದಿನ ಆ ಬೆಟ್ಟದ ಮೇಲೆ ಇನ್ನಾರಿಗೂ ಇರಲಿಲ್ಲ.

ಹರಿಗೋಲನ್ನು ಊರೆಲ್ಲ ಹೆಗಲು ಕೊಟ್ಟು ಮಡುವಿಗೆ ಇಳಿಸಿತು. ಅದು ತೇಲಿತು. ತೇಲುತ್ತದೆಂದು ಯಾರಿಗೂ ಖಾತ್ರಿ ಇರಲಿಲ್ಲವಾದ್ದರಿಂದ ಹೆಂಗಸರು ಅತ್ತರು. ನಲವತ್ತು ಮಂದಿ ಹತ್ತಿದರು, ಮೂಡಣದವರು ಇಪ್ಪತ್ತು, ಪಡುವಣದವರು ಇಪ್ಪತ್ತು, ಅವರಲ್ಲಿ ಅಜ್ಜನೂ ಕುಂಬಾರನೂ. ತಂಗಿ ದಡದ ಕಲ್ಲಿನಿಂದ ನೀರಿಗಿಳಿದು ಅಂಚು ಹಿಡಿದುಕೊಂಡಳು. ಕುಂಬಾರ ಯಾರನ್ನೂ ಕೇಳದೆ ಅವಳ ಸೊಂಟಕ್ಕೆ ಒಂದು ಹಗ್ಗ ಬಿಗಿದ.

ಅಜ್ಜ ಹಗ್ಗವನ್ನು ನೋಡಿದ. "ಹಗ್ಗ ಇದ್ದ ಕಡೆ ಮೀನು ಯಾತಕ್ಕೆ ಬರುತ್ತೆ?" ಎಂದ.

ಅದನ್ನು ಬಿಚ್ಚು ಎಂದು ಅವನು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಬಿಡಿಸುವಕ್ಕನೇ ಬಗ್ಗಿ ಗಂಟು ಸಡಿಲಿಸಿದಳು. ಬಿಡಿಸುವುದರಲ್ಲಿ ಅವಳ ಬೆರಳಿಗೆ ಸಮನಾದ ಬೆರಳು ಊರಿನಲ್ಲಿರಲಿಲ್ಲ. ನೆನೆದ ಗಂಟು ಒಂದೇ ಗಳಿಗೆಯಲ್ಲಿ ಬಿಚ್ಚಿತು.

ಹರಿಗೋಲು ಮೆಲ್ಲಗೆ ಸುತ್ತುತ್ತ ಮಡುವಿನ ನಡುವಿಗೆ ಹೋಯಿತು. ಮಳೆ ಸಣ್ಣಗೆ ಹನಿಯುತ್ತಿತ್ತು. ಅಕ್ಕ ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಅಂಚಿಗೆ ಬಂದು ಮಂಡಿಯೂರಿದಳು. ತಂಗಿಯ ಎರಡು ಕೈಗಳು ಅಂಚಿನ ಮೇಲಿದ್ದವು. ಅವು ಬೋಳಾಗಿದ್ದವು.

"ಬಳೆ ಎಲ್ಲೇ?"

"ಮನೇಲಿಟ್ಟು ಬಂದೆ. ನೀರಲ್ಲಿ ಒಡೆದು ಹೋದರೆ?" ತಂಗಿಯ ಹಲ್ಲು ಚಳಿಗೆ ಕಟಕಟ ಅನ್ನುತ್ತಿತ್ತು. "ಬೇಗ ಹಿಡಿಯೇ ಅಕ್ಕ. ಇವತ್ತು ಎಲ್ಲರೆದುರಿಗೇ ಹಿಡಿಯಬಹುದು, ಹೇಳೋರು ಕೇಳೋರು ಯಾರೂ ಇಲ್ಲ."

ಎಡಗೈಯ ಕಿರುಬೆರಳು. ನನ್ನ ಕೈ ಬಿಡಿಸುತ್ತದೆ, ಅವನ ಕೈ ಹಿಡಿಯುತ್ತದೆ. ಉಂಗುರದ ಬೆರಳು. ನನ್ನ ಕೈ ಬಿಡಿಸುತ್ತದೆ, ಅವನ ಕೈ ಹಿಡಿಯುತ್ತದೆ. ನಡುಬೆರಳು. ತೋರುಬೆರಳು. ಎಡಗೈ ಬಿಟ್ಟಿತು. ತಂಗಿ ಒಂದೇ ಕೈಯಲ್ಲಿ ತೂಗಾಡಿದಳು, ನೀರು ಅವಳ ಗಲ್ಲಕ್ಕೆ ಬಂತು, ಅವಳ ಕಣ್ಣಿನಲ್ಲಿ ಆ ತನಕ ಇರದಿದ್ದುದೊಂದು ಬಂತು. ಅದನ್ನು ಕಂಡ ಅಕ್ಕನ ಬಾಯಲ್ಲಿ ಮಾತು ನಿಂತಿತು.

"ಬೇಡ," ಎಂದಳು ಅಕ್ಕ. "ಮೇಲೆ ಬಾ." ಎಂದು ತಂಗಿಯ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದಳು. ಕೈ ತುಂಬ ಎಣ್ಣೆ. ಹಿಡಿದಷ್ಟೂ ಜಾರಿತು.

ಆಗಲೇ ಯಾರೋ, "ಬಂತು, ಬಂತು, ಅಲ್ಲಿ," ಎಂದರು. ಏನು ಕಂಡರೋ ಸ್ವಾಮಿಗೇ ಗೊತ್ತು. ನಡೆದದ್ದೆನ್ನುವವರೂ ಕಥೆಯೆನ್ನುವವರೂ, ನಲವತ್ತಕ್ಕೆ ನಲವತ್ತು ಮಂದಿಯೂ, ಮೀನನ್ನು ನೋಡಲು ಒಟ್ಟಿಗೇ ಎದ್ದು ಅದೇ ಅಂಚಿಗೆ ಬಂದರು. ಹರಿಗೋಲು ವಾಲಿತು. ನೀರು ಅಂಚು ದಾಟಿ ಒಳಗೆ ನುಗ್ಗಿತು. ಕೂಸೊಂದು ಚೀರಿತು. ಕಥೆಯಲ್ಲಿ ಹೇಗೋ ಹಾಗೇ, ಒಂದೇ ಒಂದು ಕೈಯ ಭಾರ ಹೆಚ್ಚಾಗಿತ್ತು.

"ಬಿಡಿಸೇ, ಎಲ್ಲರೂ ಹೋಗ್ತೀವಿ, ಬಿಡಿಸೇ," ಎಂದು ಅವಳ ಬೆನ್ನ ಹಿಂದೆ ನಲವತ್ತು ಬಾಯಿ. ಅವುಗಳಲ್ಲಿ ಯಾವುದು ಮೂಡಣ ಬೀದಿಯದು, ಯಾವುದು ಪಡುವಣ ಬೀದಿಯದು ಎಂದು ಗೊತ್ತಾಗುವಂತಿರಲಿಲ್ಲ.

ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು. ಈ ಸಲ ಅವಳು ಮಾತು ಹೇಳಲಿಲ್ಲ. ಹೆಬ್ಬೆರಳೊಂದು ಉಳಿಯಿತು. ತಂಗಿ ಅಕ್ಕನನ್ನು ನೋಡಿದಳು, ಹಿಂದಿನ ಜನವನ್ನು ನೋಡಿದಳು, ಹೆಬ್ಬೆರಳು ತಾನಾಗಿಯೇ ಬಿಟ್ಟಿತು.

ಹರಿಗೋಲು ನೆಟ್ಟಗಾಯಿತು. ನೀರಿನ ಮೇಲೆ ಒಂದು ಸುತ್ತು ಎದ್ದು, ಅಗಲವಾಗಿ, ದಡಕ್ಕೆ ಹೋಗಿ ಅಳಿಯಿತು. ಮಳೆಯ ಹನಿ ಅದರ ಮೇಲೆ ಬೀಳುತ್ತಲೇ ಇತ್ತು. ಅವರು ಕಾದರು. ಹೊತ್ತು ಇಳಿಯುವ ತನಕ ಕಾದರು. ಸ್ವಾಮಿ ಕರುಣಾಳು, ಆದರೆ ಕರೆದ ಗಳಿಗೆಗೇ ಬರುತ್ತೇನೆಂದು ಅವನು ಯಾರಿಗೂ ಮಾತು ಕೊಟ್ಟವನಲ್ಲ.

ಕಡೆಗೆ ಹರಿಗೋಲಜ್ಜ ಕೇಳಿದ. "ನಮಗೆ ಸರಿಯಾಗಿ ಕಾಣಲಿಲ್ಲ ತಾಯಿ. ಅಂಚಿನಲ್ಲಿದ್ದವಳು ನೀನು. ಬಂತಾ?"

ನಲವತ್ತು ಮುಖ ಅವಳ ಕಡೆ ತಿರುಗಿದವು. ಬೆಳಿಗ್ಗೆ ಕಾಣದಿದ್ದ ಒಂದು ಭಯ ಆ ಮುಖಗಳಲ್ಲಿತ್ತು. ಅವಳು ಇಲ್ಲವೆಂದರೆ ತಾವೇನು ಮಾಡಿದಂತಾಯಿತು ಎಂಬ ಭಯ. ಕುಂಬಾರ ಕೂಡ ಬೇಡುವ ಕಣ್ಣಿನಿಂದ ನೋಡುತ್ತಿದ್ದ. ಅವಳು ತನ್ನ ಎಣ್ಣೆಗೈಯನ್ನು ನೋಡಿಕೊಂಡಳು. ಅದೇ ಗಳಿಗೆಯಲ್ಲಿ ಆ ಮೊದಲನೆಯವಳ ಮುಖ, ಯಾವ ಕಥೆಯೂ ವರ್ಣಿಸದ ಮುಖ, ಅವಳಿಗೆ ಕನ್ನಡಿಯಲ್ಲಿ ಕಂಡಂತೆ ಕಂಡಿತು.

"ಬಂತು," ಎಂದಳು.

ಊರು ಆ ದಿನ ಒಂದಾಯಿತು. ಜನ ದಡದಲ್ಲಿ ಅಡ್ಡಬಿದ್ದರು. ಪಡುವಣ ಬೀದಿಯವರು ಮೂಡಣ ಬೀದಿಯವರನ್ನು ತಬ್ಬಿಕೊಂಡು ಅತ್ತರು. ಹೆಣ ತೇಲಲಿಲ್ಲ, ಮೀನು ಹೊತ್ತುಕೊಂಡು ಹೋದದ್ದು ತೇಲುವುದು ಹೇಗೆ ಎಂದರು. ಇನ್ನು ಅದು ಕಥೆಯೆಂದು ಹೇಳುವವರು ಆ ಬೆಟ್ಟದ ಮೇಲೆ ಉಳಿಯಲಿಲ್ಲ.

ಬಿಡಿಸುವಕ್ಕ ಮನೆಗೆ ಬಂದು ಮೂರು ದಿನ ಒಲೆ ಹಚ್ಚಲಿಲ್ಲ. ನಾಲ್ಕನೆಯ ದಿನ ವಾಡೆಗೆ ಕೈ ಇಳಿಸಿದಳು. ಕಾಳು ತಣ್ಣಗಿತ್ತು. ಮೊಣಕೈ ತನಕ ಇಳಿಸಿದಳು. ಯಾವಾಗಲೂ ತಂಗಿಯ ಕೈ ಬಂದು ಸೇರುತ್ತಿದ್ದ ಜಾಗದಲ್ಲಿ ಏನೋ ತಾಗಿತು. ಗಾಜಿನ ಬಳೆಗಳು, ನಾಲ್ಕು, ಹಸಿರು, ನೂಲಿನಲ್ಲಿ ಕಟ್ಟಿಟ್ಟದ್ದು.

ಒಡೆದೀತೆಂದು ತೆಗೆದಿಟ್ಟವಳಾಗಿದ್ದರೆ ಗೂಡಿನಲ್ಲಿಡುತ್ತಿದ್ದಳು. ಮತ್ತೆ ತೊಡುವವಳಾಗಿದ್ದರೆ ಮೊಳೆಗೆ ಸಿಕ್ಕಿಸುತ್ತಿದ್ದಳು. ಇಲ್ಲಿ, ಅಕ್ಕನ ಕೈ ಒಂದೇ ಬರುವ ಕಡೆ, ಇಟ್ಟು ಹೋಗಿದ್ದಳು. ಮೀನು ಬರುವುದಿಲ್ಲವೆಂದು ತಿಳಿದೇ ಬಂದಿದ್ದಳು.

ಅವಳು ನೆಟ್ಟಗೆ ಹರಿಗೋಲಜ್ಜನ ಮನೆಗೆ ನಡೆದಳು. "ಅಜ್ಜ, ಮೀನು ಬರಲಿಲ್ಲ. ನಾನು ಹೇಳಿದ್ದು ಸುಳ್ಳು."

ಅಜ್ಜ ತಲೆಯೆತ್ತಲಿಲ್ಲ. "ಮೊದಲನೆಯವಳೂ ಕಡೆಗಾಲದಲ್ಲಿ ಹಾಗೇ ಅಂದಳಂತೆ," ಎಂದ. "ಅದೂ ಕಥೆಯಲ್ಲಿತ್ತು ಕಣವ್ವ. ನೀರು ಇಳಿದ ಮೇಲೂ ಜನ ವರ್ಷ ವರ್ಷ ಮಡುವಿಗೆ ಹೋಗಿ ಅಂಚು ಹಿಡೀತಿದ್ದರಂತೆ, ಮೀನಿನ ಬೆನ್ನೇರೋ ಆಸೆಗೆ. ಎಷ್ಟೋ ಮಂದಿ ಹೋದರಂತೆ. ಕಡೆಗೆ ಹಿರಿಯರು ನೋಡಲಾರದೆ ಹರಿಗೋಲನ್ನ ಹೆಗಲ ಮೇಲೆ ಹೊತ್ತು ತಂದು ನೆತ್ತಿ ಮೇಲಿಟ್ಟರು. ಇನ್ನು ಒಣನೆಲದ ಮೇಲೇ ಮಾಡಿ, ಮಡುವಿಗೆ ಕಾಲಿಡಬೇಡಿ ಅಂತ ಕಟ್ಟಳೆ ಮಾಡಿದರು. ನಮ್ಮಜ್ಜ ಇದನ್ನ ನನ್ನ ಕಿವಿಯಲ್ಲಿ ಹೇಳಿ ಸತ್ತ."

"ಗೊತ್ತಿತ್ತಾ ನಿಮಗೆ?" ಎಂದಳು ಅವಳು. ಅವಳ ದನಿ ಏರಲಿಲ್ಲ. "ಗೊತ್ತಿದ್ದೂ ಆಗಲಿ ಅಂದಿರಾ?"

"ಉಳಿದದ್ದೆಲ್ಲ ನಡೆದದ್ದು ಅಂತ ನಂಬಿದ್ದೆ ತಾಯಿ," ಎಂದ ಅಜ್ಜ. "ಅದೊಂದನ್ನ ಮಾತ್ರ ಕಥೆ ಅಂದುಕೊಂಡಿದ್ದೆ."

ಇಬ್ಬರೂ ಬಯಲಿಗೆ ಹೋಗಿ ಊರನ್ನು ಸೇರಿಸಿದರು. ಮೀನು ಬರಲಿಲ್ಲ ಎಂದು ಅವಳು ಹೇಳಿದಳು. ಹರಿಗೋಲನ್ನು ಹೊತ್ತು ತಂದದ್ದು ಮನುಷ್ಯರು ಎಂದು ಅಜ್ಜ ಹೇಳಿದ. ಊರು ಕರುಣೆಯಿಂದ ಕೇಳಿಸಿಕೊಂಡಿತು. ತಂಗಿಯನ್ನು ಕಳೆದುಕೊಂಡ ಸಂಕಟ, ಹಾಗೇ ಮಾತಾಡಿಸುತ್ತದೆ, ಎಂದರು. ಅಜ್ಜನಿಗೆ ಅರಳು ಮರಳು ಎಂದರು. ಆ ಕುಂಬಾರ ಮುಂದೆ ಬಂದು ಅವಳ ಕಾಲ ಬಳಿ ನೆಲ ಮುಟ್ಟಿದ. "ನಾನು ನಕ್ಕವನು," ಎಂದ. "ಈಗ ನಾನೇ ಕಣ್ಣಾರೆ ಕಂಡೆ. ನೀನು ಹೇಳಬೇಕಾದ್ದೂ ಇಲ್ಲ. ಬರುವ ಆರಿದ್ರೆಗೆ ಮೊದಲು ನನ್ನ ಬೆರಳನ್ನೇ ಬಿಡಿಸಮ್ಮ."

ಅವನ ಹಿಂದೆ ಇನ್ನೊಬ್ಬ ನಿಂತ. ಅವನ ಹಿಂದೆ ಕೆಮ್ಮಿನವನು. ಅವನ ಹಿಂದೆ ಮಕ್ಕಳಿಲ್ಲದ ಒಬ್ಬ ಹೆಂಗಸು. ಸಾಲು ಬಯಲು ದಾಟಿ ಓಣಿಗೆ ತಿರುಗಿತು. ಎಲ್ಲರ ಮುಖದಲ್ಲೂ ಸಮಾಧಾನ. ನಾನು ಬಿಡಿಸುವುದಿಲ್ಲ ಎಂದು ಅವಳು ಹೇಳಿದಳು. 'ನಿನ್ನ ಮನಸ್ಸು ತಾಯಿ, ಬಲವಂತವಿಲ್ಲ,' ಎಂದರು. ಪಡುವಣ ಬೀದಿಯ ಸೊಸೆಯೊಬ್ಬಳು ಆಗಲೇ ವ್ರತ ಹಿಡಿದು, ತನ್ನ ಬಳೆಗಳನ್ನು ತಾನೇ ಕಳಚಿ, ಅಂಗೈಗೆ ಹರಳೆಣ್ಣೆ ತಿಕ್ಕಿ ಅಭ್ಯಾಸ ಮಾಡುತ್ತಿದ್ದಳು. ಅವಳ ಗಂಡ ಅವಳಿಗೆ ನೀರಿನ ಚೊಂಬನ್ನು ನೆಲದ ಮೇಲಿಟ್ಟು ಸರಿದುಕೊಳ್ಳುವುದನ್ನು ಬಿಡಿಸುವಕ್ಕ ಕಂಡಳು. ಆ ಹುಡುಗಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

"ನಾನೇ ಬರುತ್ತೇನೆ," ಎಂದಳು ಬಿಡಿಸುವಕ್ಕ. "ಅವಳ ಕೈಗೆ ಬಳೆ ತೊಡಿಸಿ."

ವರ್ಷ ತಿರುಗಿತು. ನಾಳೆ ಆರಿದ್ರೆ. ಹರಿಗೋಲು ಮಡುವಿನ ದಡದಲ್ಲೇ ಇದೆ. ಅದನ್ನು ಮತ್ತೆ ನೆತ್ತಿಗೆ ಹೊರುವುದಕ್ಕೆ ಹೆಗಲು ಕೊಡುವವರಿಲ್ಲ. ಹರಿಗೋಲಜ್ಜ ತನ್ನ ಹೆಸರನ್ನೂ ಸಾಲಿನಲ್ಲಿ ಹೇಳಿದ್ದಾನೆ. ಬಳೆಗಾರ ಸೆಟ್ಟಿ ಬೆಳಿಗ್ಗೆ ಓಣಿಗೆ ಬಂದವನು, ಅವಳ ಬಾಗಿಲ ಮುಂದೆ ಮಲಾರ ಇಳಿಸಿ, ಹೊಸ್ತಿಲಿಗೆ ಹಣೆ ಮುಟ್ಟಿಸಿ, ಮತ್ತೆ ಹೊತ್ತುಕೊಂಡು ಹೋದ. ಮೊದಲಾದರೆ ತಲೆ ಬಗ್ಗಿಸಿ ಹೋಗುತ್ತಿದ್ದ. ಈಗ ಅವಳು ದೇವರಾಗಿದ್ದಳು.

ಅವಳು ವಾಡೆಯ ಬಳಿ ನಿಂತು ಕೈ ಇಳಿಸಿದಳು. ಸ್ವಾಮಿಯ ಹೆಸರನ್ನು ಹತ್ತು ಸಲ ಹೇಳಿದಳು. ನಂಬಿಕೆ ಹೋಗಿತ್ತೇ ಎಂದರೆ ಇಲ್ಲ, ಅದೂ ಬಿಡಲಿಲ್ಲ ಅವಳನ್ನು. ಬೆರಳು ಬಿಡಿಸಲು ಬಲ್ಲವಳಿಗೂ ಬಿಡಿಸಲಾಗದ ಹಿಡಿತ ಅದು. ಕಾಳಿನ ಕೆಳಗಿನಿಂದ ಬಳೆಗಳನ್ನು ತೆಗೆದು ನೂಲು ಬಿಚ್ಚಿದಳು. ಒಂದನ್ನು ತನ್ನ ಎಡಗೈಗೆ ಏರಿಸಲು ನೋಡಿದಳು. ಗೆಣ್ಣಿನ ತನಕ ಬಂದು ನಿಂತಿತು. ಎಣ್ಣೆ ಹಚ್ಚಿ ನೋಡಿದಳು. ಅಂಗೈಯನ್ನು ಹೇಗೆ ಮಡಚಬೇಕು, ಗೆಣ್ಣನ್ನು ಎಲ್ಲಿ ಒತ್ತಬೇಕು ಎಂದು ಅವಳ ಕೈಗೆ ಯಾರೂ ಕಲಿಸಿರಲಿಲ್ಲ.

ಅವನ್ನು ಮತ್ತೆ ನೂಲಿನಲ್ಲಿ ಕಟ್ಟಿ, ಇದ್ದ ಜಾಗದಲ್ಲೇ ಕಾಳಿನೊಳಗಿಟ್ಟಳು. ಬಳೆ ತೊಡುವುದಕ್ಕೆ ಇನ್ನೊಬ್ಬರ ಕೈ ಬೇಕು.